ಫೈನಲ್ ಪೋರ್ಟೋಗೆ ಹೋಗಿದ್ದು ಯಾರಿಗೋಸ್ಕರ?

ಈ ಬ್ಲಾಗಿಗೆ ಧೂಳು ಹಿಡಿದು ತುಂಬಾ ದಿನ ಆಯ್ತು. ಬರೀಬೇಕು ಬರೀಬೇಕು ಅಂದ್ಕೊಂಡೇ ತಿಂಗಳುಗಳು ಕಳೆದವು. ಆದ್ರೆ ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ನಡೆದ ಒಂದು ಜಗಳ ಬರೆಯದೇ ಇದ್ರೆ ತಲೆಯಿಂದ ಇಳಿಯೋ ಹಾಗೆ ಕಾಣ್ತಿಲ್ಲ. ಅದಕ್ಕೇ ಈ ಪೋಸ್ಟು. ಫುಟ್‌ಬಾಲ್ ಅಂದ್ರೆ ಆಗದವರೂ ದಯವಿಟ್ಟು ಓದಿ, ವಿಷಯ ಬರೀ ಫುಟ್‌ಬಾಲ್‌ದಲ್ಲ.

ನಮ್ಮ ಟೀಮಿನಲ್ಲಿ ಒಬ್ಬ ಚೆಲ್ಸಿ ಭಕ್ತ ಇದ್ದಾನೆ. 2021ರ ಚಾಂಪಿಯನ್ಸ್ ಲೀಗ್ ಫೈನಲ್ ಅಂದ್ರೆ ಸಾಕು, ಚಪಾತಿ ಚೂರನ್ನೇ ಚೆಂಡು ಮಾಡ್ಕೊಂಡು ಹಾವರ್ಟ್ಸ್ 42ನೇ ನಿಮಿಷದಲ್ಲಿ ಹೊಡೆದ ಗೋಲನ್ನು ತಟ್ಟೆಯಲ್ಲೇ ಆಡಿ ತೋರಿಸ್ತಾನೆ. ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಮೊನ್ನೆ ಅವನು ಹೇಳಿದ್ದು ಇದು: "ಯುಎಫಾದವರನ್ನ ನೋಡಿ ಕಲೀಬೇಕು ಕಣ್ರೋ. ಕೊರೊನಾ ಟೈಮಲ್ಲಿ ಹದಿನಾರೇ ದಿನದಲ್ಲಿ ಇಡೀ ಫೈನಲ್‌ನ ಇಸ್ತಾಂಬುಲ್‌ನಿಂದ ಪೋರ್ಟೋಗೆ ಎತ್ಕೊಂಡು ಹೋದ್ರು. ಬರೀ ಅಭಿಮಾನಿಗಳಿಗೋಸ್ಕರ! ನಮ್ಮವರು ಒಂದು ಸರ್ವರ್ ಶಿಫ್ಟ್ ಮಾಡೋಕೆ ಆರು ತಿಂಗಳು ತಗೋತಾರೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ಅಭಿಮಾನಿಗಳಿಗೋಸ್ಕರ" ಅನ್ನೋ ಆ ಒಂದು ಪದ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ತು.

ಮರೆತವರಿಗೆ ಸ್ವಲ್ಪ ಹಿನ್ನೆಲೆ. ಆ ಫೈನಲ್ ಮೊದಲು 2020ರಲ್ಲೇ ಇಸ್ತಾಂಬುಲ್‌ನ ಅಟಾಟುರ್ಕ್ ಸ್ಟೇಡಿಯಂನಲ್ಲಿ ನಡೀಬೇಕಿತ್ತು. ಕೊರೊನಾ ಬಂತು, ಪಂದ್ಯ ಲಿಸ್ಬನ್‌ಗೆ ಹೋಯ್ತು, ಖಾಲಿ ಕುರ್ಚಿಗಳ ಮುಂದೆ ಬಯರ್ನ್ ಗೆದ್ದಿತು. ಇಸ್ತಾಂಬುಲ್‌ಗೆ "ಮುಂದಿನ ವರ್ಷ ನಿಮ್ಮದೇ" ಅಂದರು. 2021ರ ಮೇ ತಿಂಗಳಿಗೆ ಫೈನಲ್‌ಗೆ ಬಂದಿದ್ದು ಎರಡೂ ಇಂಗ್ಲೆಂಡಿನ ತಂಡಗಳೇ, ಮ್ಯಾಂಚೆಸ್ಟರ್ ಸಿಟಿ ಮತ್ತು ಚೆಲ್ಸಿ. ಟರ್ಕಿಯಲ್ಲಿ ಆಗ ಪೂರ್ತಿ ಲಾಕ್‌ಡೌನ್. ಏಪ್ರಿಲ್‌ನಲ್ಲಿ ದಿನಕ್ಕೆ 60,000ಕ್ಕೂ ಮೇಲೆ ಕೇಸು ಬಂದಿದ್ದ ದೇಶ ಅದು. ಮೇ 7ಕ್ಕೆ ಬ್ರಿಟನ್ ಸರ್ಕಾರ ಟರ್ಕಿಯನ್ನು ಕೆಂಪು ಪಟ್ಟಿಗೆ ಸೇರಿಸ್ತು. ಅಲ್ಲಿಗೆ ಹೋಗಿ ಬಂದವರು ಹತ್ತು ದಿನ ಸರ್ಕಾರ ಹೇಳಿದ ಹೋಟೆಲಿನಲ್ಲಿ ಸ್ವಂತ ಖರ್ಚಿನಲ್ಲಿ ಕೂರಬೇಕು.

ಹಾಗಾದ್ರೆ ಇಸ್ತಾಂಬುಲ್ ಕಷ್ಟ, ಒಪ್ಪೋಣ. ಇನ್ನೊಂದು ಹದಿಮೂರು ದಿನಕ್ಕೆ ಯೂರೋ ಕಪ್ ಶುರುವಾಗೋದಿತ್ತು, ಆಟಗಾರರಿಗೆ ಕ್ವಾರಂಟೈನ್ ತಲೆನೋವು. ಆದರೆ ಮುಂದಿನ ಹೆಜ್ಜೆ ಒಂದನೇ ಕ್ಲಾಸಿನ ಹುಡುಗನೂ ಹೇಳ್ತಾನೆ. ಎರಡೂ ತಂಡ ಇಂಗ್ಲೆಂಡಿನದು, ಅಭಿಮಾನಿಗಳು ಇಂಗ್ಲೆಂಡಿನವರು, ಪಂದ್ಯವನ್ನು ಇಂಗ್ಲೆಂಡಿನಲ್ಲೇ ಆಡಿಸಿ! ಯಾರೂ ಗಡಿ ದಾಟೋದು ಬೇಡ, ವಿಮಾನ ಬೇಡ, ಪಾಸ್‌ಪೋರ್ಟೂ ಬೇಡ. ಮೇ 15ಕ್ಕೆ ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್ ನಡೆದಾಗ ಇಪ್ಪತ್ತು ಸಾವಿರದಷ್ಟು ಜನ ಕೂತು ನೋಡಿದ್ರು. ಅದರಲ್ಲೂ ಆಡಿದ್ದು ಇದೇ ಚೆಲ್ಸಿ (ಲೆಸ್ಟರ್ ಕೈಲಿ ಸೋತರು ಅನ್ನೋದನ್ನ ನಮ್ಮ ಭಕ್ತನ ಮುಂದೆ ಹೇಳಬೇಡಿ). ಮೇ 29ಕ್ಕೆ ವೆಂಬ್ಲಿಯಲ್ಲಿ ಬೇರೆ ಪಂದ್ಯ ಇತ್ತು, ನಿಜ. ಆದರೆ ಇಂಗ್ಲೆಂಡಿನಲ್ಲಿ ಸ್ಟೇಡಿಯಂಗೆ ಬರವೇ?

ಯುಎಫಾ ಕೇಳಿತು ಕೂಡ. ಬ್ರಿಟನ್ ಸರ್ಕಾರಕ್ಕೂ ಪಂದ್ಯ ನಡೆಸೋ ಆಸೆ ಇತ್ತು. ಮತ್ತೆ ಯಾಕೆ ಆಗಲಿಲ್ಲ? ಇಲ್ಲಿದೆ ನೋಡಿ ಮಜಾ. ಯುಎಫಾ ಮೇ 13ಕ್ಕೆ ಕೊಟ್ಟ ಹೇಳಿಕೆಯಲ್ಲೇ ಕಾರಣ ಇದೆ: ಬ್ರಿಟನ್ನಿನ ಕ್ವಾರಂಟೈನ್ ನಿಯಮದಿಂದ ಬೇಕಾದ ವಿನಾಯಿತಿ ಸಿಗಲಿಲ್ಲ. ಯಾರಿಗೆ ವಿನಾಯಿತಿ? ಸ್ಟೇಡಿಯಂ ಪಕ್ಕದ ಬೀದಿಯ ಅಭಿಮಾನಿಗೆ ವಿನಾಯಿತಿ ಬೇಕಿರಲಿಲ್ಲ, ಅವನು ಬಸ್ಸು ಹತ್ತಿ ಬರ್ತಿದ್ದ. ಬೇಕಿದ್ದಿದ್ದು ಯುರೋಪಿನ ಮೂಲೆಮೂಲೆಯಿಂದ ಬರೋ ಪ್ರಾಯೋಜಕರಿಗೆ, ಅವರ ಅತಿಥಿಗಳಿಗೆ, ಟೀವಿ ಕಂಪನಿಗಳ ಮಂದಿಗೆ, ಕೋಟು ಹಾಕ್ಕೊಂಡು ಪೆಟ್ಟಿಗೆಯಲ್ಲಿ ಕೂರೋ ದೊಡ್ಡವರಿಗೆ. ಅವರು ಕ್ವಾರಂಟೈನ್ ಇಲ್ಲದೆ ಬಂದು ಹೋಗೋಕೆ ಆಗಲ್ಲ ಅನ್ನೋ ಕಾರಣಕ್ಕೆ ಇಂಗ್ಲೆಂಡಿನ ಎರಡು ಊರಿನ ಪಂದ್ಯ, ಇಂಗ್ಲೆಂಡಿನ ಸಾವಿರಾರು ಜನರನ್ನ ಹಿಂದೆ ಕಟ್ಟಿಕೊಂಡು ಪೋರ್ಚುಗಲ್‌ಗೆ ಹಾರಿತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡಿನಲ್ಲಿ ಎಲ್ಲಾ ಯೂಸರ್‌ಗೂ ಒಂದು ಚೆಕ್ ಇದೆ. ಒಬ್ಬ ಬಂದು "ನಮ್ಮ ಗೆಸ್ಟುಗಳಿಗೆ ಮಾತ್ರ ಈ ಚೆಕ್ ತೆಗೆದುಬಿಡಿ" ಅಂತಾನೆ. ಆಗಲ್ಲ ಅಂದ್ರೆ ಆ ಚೆಕ್ ಇಲ್ಲದ ಇನ್ನೊಂದು ಸರ್ವರ್ ಹುಡುಕ್ಕೊಂಡು ಹೋಗ್ತಾನೆ. ಆಮೇಲೆ ಮೇಲ್ ಕಳಿಸ್ತಾನೆ, "ಯೂಸರ್‌ಗಳ ಅನುಕೂಲಕ್ಕಾಗಿ ಈ ಬದಲಾವಣೆ" ಅಂತ. :)

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಕೇಳ್ತೀರಾ? ಹೇಳ್ತೀನಿ.

ನಮ್ಮ ದೊಡ್ಡಪ್ಪನ ಮಗಳು, ನನಗೆ ಅಕ್ಕ, ಮ್ಯಾಂಚೆಸ್ಟರಿನಲ್ಲಿದ್ದಾಳೆ. 2021ರ ಮೇ ತಿಂಗಳಲ್ಲಿ ದೊಡ್ಡಪ್ಪ ಶಿವಮೊಗ್ಗದಲ್ಲಿ ಆಸ್ಪತ್ರೆ ಸೇರಿದರು. ಭಾರತ ಏಪ್ರಿಲ್ 23ರಿಂದಲೇ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿತ್ತು. ಬಂದರೆ ವಾಪಸ್ ಹೋಗುವಾಗ ಹತ್ತು ದಿನದ ಹೋಟೆಲಿಗೆ 1,750 ಪೌಂಡ್ ಕಟ್ಟಬೇಕು, ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ ರೂಪಾಯಿ. ದುಡ್ಡು ಹೇಗೋ ಹೊಂದಿಸ್ತಿದ್ದಳು. ಆದರೆ ಮನೆಯಲ್ಲಿ ಸಣ್ಣ ಮಗು, ಕೆಲಸದಲ್ಲಿ ಅಷ್ಟು ರಜೆ ಇಲ್ಲ, ವಿಮಾನದ ಟಿಕೆಟ್ ಇವತ್ತು ಇದ್ರೆ ನಾಳೆ ಇಲ್ಲ. ಲೆಕ್ಕ ಹಾಕ್ತಾ ಹಾಕ್ತಾ ಇರುವಾಗಲೇ ದೊಡ್ಡಪ್ಪ ಹೋಗಿಬಿಟ್ಟರು. ಅಣ್ಣ ಪಿಪಿಇ ಕಿಟ್ ಹಾಕ್ಕೊಂಡು ನಿಂತಿದ್ದ, ನಾನು ದೂರದಿಂದ ಫೋನ್ ಹಿಡ್ಕೊಂಡಿದ್ದೆ, ಅಕ್ಕ ಆ ಕಡೆಯಿಂದ ವಾಟ್ಸಾಪಿನಲ್ಲಿ ನೋಡಿದಳು. ನೆಟ್‌ವರ್ಕ್ ಎರಡು ಸಲ ಕಟ್ಟಾಯ್ತು.

ಅಕ್ಕ ಆ ನಿಯಮಕ್ಕೆ ಒಂದು ಮಾತೂ ಬೈಯಲಿಲ್ಲ. "ಎಲ್ಲರಿಗೂ ಇರೋದೇ ಕಣೋ, ನನಗೊಬ್ಬಳಿಗಾ" ಅಂದಳು. ಆ "ಎಲ್ಲರಿಗೂ" ಅನ್ನೋ ಪದದ ಮೇಲೆ ಅವಳು ತನ್ನ ದುಃಖವನ್ನ ಇಟ್ಟು ಸಮಾಧಾನ ಮಾಡ್ಕೊಂಡಿದ್ದಳು. ಅದೇ ತಿಂಗಳು, ಅದೇ ಸರ್ಕಾರದ ಬಾಗಿಲಿಗೆ ಹೋಗಿ, ಒಂದು ಫುಟ್‌ಬಾಲ್ ಸಂಸ್ಥೆ "ನಮ್ಮ ಅತಿಥಿಗಳಿಗೆ ಕ್ವಾರಂಟೈನ್ ಬೇಡ" ಅಂತ ಕೇಳ್ತಿತ್ತು. ಅಪ್ಪನ ಮುಖ ನೋಡೋಕೆ ಅಲ್ಲ ಸ್ವಾಮಿ, ತೊಂಬತ್ತು ನಿಮಿಷದ ಆಟ ನೋಡೋಕೆ.

ಆ ಸಲ ಬ್ರಿಟನ್ ಇಲ್ಲ ಅಂತು, ಸರಿ. ಆದರೆ ಅದನ್ನೂ ಹೊಗಳೋಕೆ ಆಗಲ್ಲ. ಎರಡೇ ತಿಂಗಳಲ್ಲಿ ಯೂರೋ ಕಪ್ ಸೆಮಿಫೈನಲ್, ಫೈನಲ್ ವೆಂಬ್ಲಿಯಲ್ಲಿ ನಡೀಬೇಕಾದಾಗ ಅದೇ ಪ್ರಶ್ನೆ ಎದ್ದಿತು, ಬುಡಾಪೆಸ್ಟ್‌ಗೆ ಹೋದೇವು ಅನ್ನೋ ಮಾತು ಕೇಳಿಬಂತು, ಆಗ ವಿನಾಯಿತಿ ಕೊಟ್ಟೇಬಿಟ್ಟರು. ಸುಮಾರು 2,500 ಜನ ಅಂತ ಪತ್ರಿಕೆಗಳು ಬರೆದವು. ಅಂದ್ರೆ ಮೇ ತಿಂಗಳಲ್ಲಿ ಇದ್ದ ನಿಷ್ಠುರ ಜುಲೈಗೆ ಇರಲಿಲ್ಲ.

ಈಗ ಪೋರ್ಟೋ ಕಡೆ ಬನ್ನಿ. ಈ ಕಥೆಯಲ್ಲಿ ಯಾರೂ ಕೇಳದೇ ಬಿಟ್ಟವರು ಆ ಊರಿನವರು. 2021ರ ಜನವರಿಯಲ್ಲಿ ಪೋರ್ಚುಗಲ್ ಎಂಥ ಸ್ಥಿತಿಯಲ್ಲಿತ್ತು ಅಂದ್ರೆ, ಜರ್ಮನಿಯಿಂದ ಸೇನೆಯ ವೈದ್ಯರು ಲಿಸ್ಬನ್‌ಗೆ ಬಂದು ಕೆಲಸ ಮಾಡಿದ್ರು. ಅಲ್ಲಿಂದ ಚೇತರಿಸಿಕೊಳ್ತಾ ಬಂದ ಜನ ಅವರು. ಅವರ ಸ್ವಂತ ಲೀಗ್ ಪಂದ್ಯಗಳು ಖಾಲಿ ಸ್ಟೇಡಿಯಂನಲ್ಲೇ ನಡೀತಿದ್ದವು. ಮೇ 11ಕ್ಕೆ ಸ್ಪೋರ್ಟಿಂಗ್ ತಂಡ 19 ವರ್ಷಗಳ ನಂತರ ಲೀಗ್ ಗೆದ್ದಿತು. ಹತ್ತೊಂಬತ್ತು ವರ್ಷ ಕಾದ ಅಭಿಮಾನಿ ಒಳಗೆ ಹೋಗೋ ಹಾಗಿಲ್ಲ, ಗೋಡೆ ಆಚೆ ನಿಂತು ಕುಣೀಬೇಕು. ಮೇ 23ಕ್ಕೆ ಕೊಯಿಂಬ್ರಾದಲ್ಲಿ ಪೋರ್ಚುಗಲ್ ಕಪ್ ಫೈನಲ್, ಬ್ರಾಗಾ ಗೆದ್ದಿತು, ಪ್ರೇಕ್ಷಕರಿಲ್ಲ. ಅದಾಗಿ ಆರೇ ದಿನ. ಮೇ 29ಕ್ಕೆ ಪೋರ್ಟೋದ ದ್ರಾಗಾವ್ ಸ್ಟೇಡಿಯಂನಲ್ಲಿ 14,110 ಜನ. ತಲಾ ಆರು ಸಾವಿರ ಟಿಕೆಟ್ ಎರಡೂ ಇಂಗ್ಲಿಷ್ ಕ್ಲಬ್ಬಿಗೆ.

ತಮ್ಮ ಊರಿನ ಸ್ಟೇಡಿಯಂಗೆ ತಾವು ಹೋಗೋ ಹಾಗಿಲ್ಲ, ಹೊರಗಿನವರು ಬಂದು ಕೂರಬಹುದು! ಮನೆಯವರನ್ನ ಹಿತ್ತಲಲ್ಲಿ ಕೂರಿಸಿ ನೆಂಟರಿಗೆ ಪಡಸಾಲೆಯಲ್ಲಿ ಎಲೆ ಹಾಕಿದ ಹಾಗೆ. ಅಲ್ಲಿನ ಸರ್ಕಾರ "ಗುಳ್ಳೆಯೊಳಗೆ ಬಂದು ಅದೇ ದಿನ ಹೋಗ್ತಾರೆ" ಅಂತ ಮಾತು ಕೊಟ್ಟಿತ್ತು. ಚಾರ್ಟರ್ ವಿಮಾನದಲ್ಲಿ ಬಂದವರು ಹಾಗೇ ಹೋದರೂ ಇರಬಹುದು. (ಸಿಟಿಯ ಮಾಲೀಕ ಶೇಖ್ ಮನ್ಸೂರ್ ತಮ್ಮ ಅಭಿಮಾನಿಗಳ ಪ್ರಯಾಣದ ಖರ್ಚು ತಾವೇ ಕೊಡ್ತೀವಿ ಅಂದಿದ್ದರು, ಅದೊಂದು ಒಳ್ಳೇ ಕೆಲಸ.) ಆದ್ರೆ ಮಾಮೂಲಿ ವಿಮಾನ ಹಿಡಿದು ಎರಡು ದಿನ ಮುಂಚೆಯೇ ಬಂದು, ನದಿ ದಂಡೆಯಲ್ಲಿ ಮಾಸ್ಕಿಲ್ಲದೆ ಬಿಯರ್ ಕುಡೀತಾ ನಿಂತವರಿಗೆ ಯಾವ ಗುಳ್ಳೆ? ಇದನ್ನ ಪೋರ್ಚುಗಲ್‌ನ ಅಧ್ಯಕ್ಷರೇ ಟೀಕಿಸಿದರು.

ಇದರಿಂದಲೇ ಅಲ್ಲಿ ಕೇಸು ಏರಿತು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋಕೆ ನನ್ನ ಹತ್ರ ಲೆಕ್ಕ ಇಲ್ಲ. ಆದ್ರೆ ಒಂದು ದಿನಾಂಕ ನೆನಪಿಡಿ. ಪಂದ್ಯ ಮೇ 29ಕ್ಕೆ. ಜೂನ್ 3ಕ್ಕೆ ಬ್ರಿಟನ್ ಸರ್ಕಾರ ಪೋರ್ಚುಗಲ್ಲನ್ನು ಹಸಿರು ಪಟ್ಟಿಯಿಂದ ತೆಗೀತೀವಿ ಅಂತ ಘೋಷಿಸ್ತು. ಐದೇ ದಿನ! ಅಭಿಮಾನಿಗಳೆಲ್ಲ ಮನೆ ಸೇರಿದ ಮೇಲೆ "ಆ ದೇಶ ಅಷ್ಟು ಸುರಕ್ಷಿತ ಅಲ್ಲ" ಅಂತ ಗೊತ್ತಾಯ್ತಂತೆ.

ನಮ್ಮ ಚೆಲ್ಸಿ ಭಕ್ತ ಇಷ್ಟಕ್ಕೆ ಸೋಲಲಿಲ್ಲ. ಅವನ ವಾದ: "ಒಂದೂವರೆ ವರ್ಷ ಮನೆಯಲ್ಲಿ ಕೊಳೆತ ಜನ ಕಣೋ. ಹನ್ನೆರಡು ಸಾವಿರ ಜನಕ್ಕಾದ್ರೂ ಖುಷಿ ಸಿಕ್ಕಿತಲ್ಲ. ಖಾಲಿ ಸ್ಟೇಡಿಯಂನಲ್ಲಿ ಆಡಿಸಿದ್ರೆ ನಿನಗೇನು ಸಿಗ್ತಿತ್ತು?" ಇದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. ನಾನೂ ಆ ರಾತ್ರಿ ಪಂದ್ಯ ನೋಡಿದವನೇ. ನಮ್ಮಲ್ಲಿ ಲಾಕ್‌ಡೌನ್, ಮಧ್ಯರಾತ್ರಿ ಹನ್ನೆರಡೂವರೆ, ಮನೆಯವರಿಗೆ ಎಚ್ಚರ ಆಗದ ಹಾಗೆ ಇಯರ್‌ಫೋನ್ ಹಾಕ್ಕೊಂಡು. ದೊಡ್ಡಪ್ಪ ಹೋಗಿ ಹತ್ತು ದಿನ ಆಗಿರಲಿಲ್ಲ. ಸ್ಟೇಡಿಯಂನಿಂದ ಜನರ ಕೂಗು ಕೇಳಿದಾಗ ಮೈ ಜುಮ್ ಅಂತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹನ್ನೆರಡು ಸಾವಿರ ಜನರ ಖುಷಿ ಬರ್ಮಿಂಗ್‌ಹ್ಯಾಮಿನಲ್ಲೋ ಲಂಡನ್ನಿನಲ್ಲೋ ಇನ್ನೂ ಅಗ್ಗಕ್ಕೆ ಸಿಗ್ತಿತ್ತಲ್ಲ? ಇಸ್ತಾಂಬುಲ್ ಟಿಕೆಟ್ ಮುಂಚೆಯೇ ಬುಕ್ ಮಾಡಿ, ಮತ್ತೆ ಪೋರ್ಟೋ ಟಿಕೆಟ್‌ಗೆ ದುಪ್ಪಟ್ಟು ತೆತ್ತವನ ಖುಷಿಗೆ ಜವಾಬು ಯಾರು? ನಾನು ಖಾಲಿ ಸ್ಟೇಡಿಯಂ ಕೇಳ್ತಿಲ್ಲ. ನಾನು ಕೇಳ್ತಿರೋದು ಖಾಲಿ ವಿಐಪಿ ಪೆಟ್ಟಿಗೆ, ಅಷ್ಟೇ.

ಇನ್ನೊಂದು ವಿಷಯ. ಏಪ್ರಿಲ್ 18ಕ್ಕೆ ಹನ್ನೆರಡು ದೊಡ್ಡ ಕ್ಲಬ್ಬುಗಳು ಸೂಪರ್ ಲೀಗ್ ಅಂತ ಬೇರೆ ಅಂಗಡಿ ತೆರೆಯೋಕೆ ಹೊರಟಿದ್ದವು. ಅದರಲ್ಲಿ ಸಿಟಿ, ಚೆಲ್ಸಿ ಎರಡೂ ಇದ್ದವು. ಅಭಿಮಾನಿಗಳು ಬೀದಿಗಿಳಿದು ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳನ್ನ ಹಿಂದಕ್ಕೆಳೆದರು. ಯುಎಫಾ ಕುರ್ಚಿ ಉಳಿದಿದ್ದು ಆ ಜನರಿಂದ. ಆಗ ಅಭಿಮಾನಿಯೇ ದೇವರು. ಒಂದು ತಿಂಗಳೂ ಆಗಿಲ್ಲ, ದೇವರನ್ನ ಮನೆ ಬಾಗಿಲಿಂದ ಎಬ್ಬಿಸಿ ವಿಮಾನ ಹತ್ತಿಸಿದ್ರು, ಪೂಜಾರಿಯ ನೆಂಟರಿಗೆ ಜಾಗ ಬೇಕು ಅಂತ.

ನಾವೇನು ಸಾಚಾಗಳು ಅಂತ ಹೇಳ್ತಿಲ್ಲ ಮತ್ತೆ. ಅದೇ 2021ರಲ್ಲಿ ದೆಹಲಿಯಲ್ಲಿ ಜನ ಆಕ್ಸಿಜನ್ ಸಿಲಿಂಡರಿಗೆ ಅಲೀತಿದ್ದಾಗ ಅದೇ ಊರಲ್ಲಿ ಲೈಟು ಹಾಕಿ ಐಪಿಎಲ್ ಆಡಿಸ್ತಿದ್ದರು, ಮೇ 4ಕ್ಕೆ ಆಟಗಾರರಿಗೇ ಸೋಂಕು ತಗುಲಿದ ಮೇಲೆ ನಿಲ್ಲಿಸಿ, ಉಳಿದದ್ದನ್ನ ಸೆಪ್ಟೆಂಬರಿನಲ್ಲಿ ಯುಎಇಗೆ ಸಾಗಿಸಿದ್ರು. ಅದರ ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತೆ. ಆದ್ರೆ ಅವರು ಕನಿಷ್ಠ "ಅಭಿಮಾನಿಗಳಿಗೋಸ್ಕರ ದುಬೈಗೆ ಹೊರಟೆವು" ಅನ್ನಲಿಲ್ಲ. ದುಡ್ಡಿಗೆ ಅಂತ ಎಲ್ಲರಿಗೂ ಗೊತ್ತಿತ್ತು.

ಇಸ್ತಾಂಬುಲ್‌ಗೆ ಕೊನೆಗೂ 2023ರ ಜೂನ್ 10ಕ್ಕೆ ಫೈನಲ್ ಸಿಕ್ಕಿತು. ರೋದ್ರಿ ಗೋಲಿನಿಂದ ಸಿಟಿ ಇಂಟರ್ ಮಿಲಾನನ್ನು ಸೋಲಿಸ್ತು. ಅಕ್ಕನ ಬೀದಿಯಲ್ಲಿ ಆ ರಾತ್ರಿ ಎರಡು ಗಂಟೆವರೆಗೆ ಹಾರನ್ ಸದ್ದಂತೆ. ಅವಳು ಅದರ ವಿಡಿಯೋ ಕಳಿಸಿದ್ದಳು, ಇನ್ನೂ ನನ್ನ ಫೋನಿನಲ್ಲಿದೆ. ಅದರ ಸ್ವಲ್ಪ ಮೇಲೆ ಸ್ಕ್ರೋಲ್ ಮಾಡಿದರೆ ಶಿವಮೊಗ್ಗದ ಆ ಕಾಲ್ ಇದೆ, 11 ನಿಮಿಷ, ಆಮೇಲೆ 4 ನಿಮಿಷ.

ಚೆಲ್ಸಿ ಭಕ್ತನಿಗೆ ಈ ಪೋಸ್ಟಿನ ಲಿಂಕ್ ಕಳಿಸಿದ್ದೀನಿ. ಕನ್ನಡ ಓದೋಕೆ ಸ್ವಲ್ಪ ನಿಧಾನ ಅವನು, ನಾಳೆ ಊಟದ ಹೊತ್ತಿಗೆ ಮುಗಿಸಿರ್ತಾನೆ. ಅವನು ಏನಂದ ಅಂತ ಕಾಮೆಂಟಿನಲ್ಲಿ ಹಾಕ್ತೀನಿ, ಅಷ್ಟರೊಳಗೆ ನೀವೂ ಬೈಯೋದಿದ್ದರೆ ಬೈಯಿರಿ.