ಕಪ್ಪಿಟ್ಟ ಜೋಳವನ್ನು ಪರೀಕ್ಷೆಯಿಲ್ಲದೆ ಮಾರಬಹುದೆ?

ಹೈದರಾಬಾದಿನ ಮೆಹದಿಪಟ್ಟಣಂನಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಚೇವೆಳ್ಳ, ಕೊಡಂಗಲ್ ದಾಟಿ ವಿಜಯಪುರದ ಕಡೆಗೆ ಸಾಗುತ್ತದೆ. ಅದು ಜೋಳದ ಸೀಮೆಗೆ ಹೋಗುವ ದಾರಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಮುಂಗಾರಿ ಜೋಳದ ತೆನೆಗೆ ಬೂಷ್ಟು ಬಂದು ಕಾಳು ಕಪ್ಪಿಡುತ್ತದೆ. ಅಂಥ ಕಾಳನ್ನು ವಿಷಪರೀಕ್ಷೆಯಿಲ್ಲದೆ ಊಟಕ್ಕೆ ಮಾರಕೂಡದು ಎಂಬ ನಿಯಮ ಬೇಕೆ?

ಪರ

ಬೇಕು ಎನ್ನುವವರಿಗೆ 1995ರ ಸಾಕ್ಷ್ಯವಿದೆ. ಆ ವರ್ಷ ಅಕಾಲ ಮಳೆಗೆ ನೆಂದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದ ದಖ್ಖನ್ನಿನ ಹಳ್ಳಿಗರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ಈ ಕಾಯಿಲೆ ಕಂಡಿತು. ಕಾರಣ ಫ್ಯೂಸೇರಿಯಂ ಶಿಲೀಂಧ್ರ ಹುಟ್ಟಿಸುವ ಫ್ಯೂಮೋನಿಸಿನ್ ಎಂಬ ವಿಷ. ಮೆಕ್ಕೆಜೋಳದ ಮಾದರಿಗಳಲ್ಲಿ ಅದು ಕಿಲೋಗೆ 64.7 ಮಿಲಿಗ್ರಾಂವರೆಗೂ ಇತ್ತು. ಮುಂದೆ ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಸಂಸ್ಥೆ ಸಂಸ್ಕರಿಸದ ಮೆಕ್ಕೆಜೋಳದ ಕಾಳಿಗೆ ಗೊತ್ತುಮಾಡಿದ ಮಿತಿ ಕಿಲೋಗೆ 4 ಮಿಲಿಗ್ರಾಂ. ಆ ಸಲ ಯಾರೂ ಸಾಯಲಿಲ್ಲ, ಕಾಳು ಬದಲಿಸಿದ ಮೇಲೆ ಎಲ್ಲರೂ ಚೇತರಿಸಿಕೊಂಡರು. ಆದರೆ 1974ರಲ್ಲಿ ರಾಜಸ್ಥಾನ, ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ಇನ್ನೊಂದು ಶಿಲೀಂಧ್ರವಿಷ 106 ಜನರನ್ನು ಕೊಂದಿತ್ತು. ಕಾರಣ ಪತ್ತೆಹಚ್ಚಿದ್ದು ಹೈದರಾಬಾದಿನದೇ ರಾಷ್ಟ್ರೀಯ ಪೋಷಣಾ ಸಂಸ್ಥೆ. ಈ ವಿಷಗಳು ಹಂಚಿನ ಕಾವಿಗೆ ಪೂರ್ತಿ ನಾಶವಾಗುವುದಿಲ್ಲ. ಕಾಳಿನ ಬಣ್ಣ ನೋಡಿ ಅಳೆಯುವಂತೆಯೂ ಇಲ್ಲ. ಪರೀಕ್ಷೆ ದುಬಾರಿ ಎಂಬ ಆಕ್ಷೇಪವೂ ಈಗ ಅಷ್ಟು ಗಟ್ಟಿಯಲ್ಲ: ಅಫ್ಲಾಟಾಕ್ಸಿನ್ ಪತ್ತೆಗೆ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಅಗ್ಗದ ಎಲೈಸಾ ಪರೀಕ್ಷಾ ವಿಧಾನವನ್ನೇ ರೂಪಿಸಿದೆ.

ವಿರೋಧ

ಇಷ್ಟೆಲ್ಲ ಒಪ್ಪಿದ ಮೇಲೂ ನಾನು ಈ ನಿಯಮದ ವಿರುದ್ಧವೇ ನಿಲ್ಲುತ್ತೇನೆ, ಕನಿಷ್ಠ ಈಗ ಕೇಳುತ್ತಿರುವ ರೂಪದಲ್ಲಿ. 1995ರಲ್ಲಿ ಕಾಯಿಲೆ ಬಿದ್ದವರು ತೀರ ಬಡ ಮನೆಗಳವರು. ಒಳ್ಳೆಯ ಕಾಳು ಕೊಳ್ಳಲು ಗತಿಯಿಲ್ಲದವರು ಕೈಗೆ ಸಿಕ್ಕ ನೆಂದ ಕಾಳನ್ನೇ ಬೀಸಿ ತಿಂದರು. ಮಾರುಕಟ್ಟೆಯ ಬಾಗಿಲಲ್ಲಿ ಪರೀಕ್ಷೆ ಇಟ್ಟರೆ ಮೆಹದಿಪಟ್ಟಣಂನ ಗಿರಾಕಿಯ ರೊಟ್ಟಿ ಸುರಕ್ಷಿತವಾಗಬಹುದು. ತಿರಸ್ಕಾರಗೊಂಡ ಚೀಲ ಮಾತ್ರ ಬಂದ ಗಾಡಿಯಲ್ಲೇ ಹಳ್ಳಿಗೆ ಮರಳುತ್ತದೆ. ಅಲ್ಲಿ ಅದನ್ನು ತಿನ್ನುವವರು ಯಾರು? ರೈತನ ಮನೆಯವರು, ಕೂಲಿಗೆ ಕಾಳು ಪಡೆಯುವವರು, ಇಲ್ಲವೆ ಎಮ್ಮೆ. ಎಮ್ಮೆ ತಿಂದ ಅಫ್ಲಾಟಾಕ್ಸಿನ್‌ನ ಒಂದಂಶ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ. ರೈತನೇ ಎಚ್ಚರ ವಹಿಸಲಿ ಎಂಬ ಮಾತನ್ನು ನಾನು ಒಪ್ಪಲಾರೆ. ಹಿಂಗಾರಿಯ ಮಾಲದಂಡಿ ಜೋಳ ಒಣಹವೆಯಲ್ಲಿ ಮಾಗುತ್ತದೆ, ಅದಕ್ಕೆ ಈ ಕಾಟ ಕಡಿಮೆ. ಆದರೆ ಮುಂಗಾರಿಯ ಅಲ್ಪಾವಧಿ ಹೈಬ್ರಿಡ್‌ಗಳು ಮಳೆ ನಿಲ್ಲುವ ಮೊದಲೇ ಮಾಗುತ್ತವೆ, ಮತ್ತು ಆ ತಳಿಗಳನ್ನು ಬಿತ್ತಲು ಹೇಳಿದ್ದು ನಮ್ಮ ಕೃಷಿ ವ್ಯವಸ್ಥೆಯೇ. ಪರೀಕ್ಷೆಯ ಫಲಿತಾಂಶವೂ ಮಾದರಿ ತೆಗೆಯುವ ಕೈಯನ್ನು ನಂಬಿದೆ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಹಿಡಿ ಕಾಳು ಪಾಸಾದರೆ ಇಡೀ ರಾಶಿ ಶುದ್ಧವೆಂದಲ್ಲ, ಫೇಲಾದರೆ ಇಡೀ ರಾಶಿ ವಿಷವೆಂದೂ ಅಲ್ಲ.

ಹಾಗಾದರೆ ಸುಮ್ಮನಿರಬೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಮೊದಲು ಕಣದ ಬಳಿ ಒಣಗಿಸುವ ಯಂತ್ರ ಬರಲಿ, ಕಪ್ಪಿಟ್ಟ ಕಾಳನ್ನು ಸರ್ಕಾರ ದರ ಕಟ್ಟಿ ಕೊಳ್ಳಲಿ, ನೆಂದ ವರ್ಷ ಆ ಊರುಗಳಿಗೆ ಪಡಿತರದಲ್ಲಿ ಒಳ್ಳೆಯ ಜೋಳ ಸಿಗಲಿ. ಆಮೇಲೆ ತಡೆಯ ನಿಯಮ ತಂದರೆ ನಾನೂ ಪರ. ಕೊಂಡ ಕಾಳು ಎಥೆನಾಲ್ ಕಾರ್ಖಾನೆಗೆ ಹೋಗಬಹುದು, ಬಟ್ಟಿ ಇಳಿಸಿದ ಎಥೆನಾಲ್‌ಗೆ ಈ ವಿಷ ಬರುವುದಿಲ್ಲ. ಆದರೆ ಉಳಿಯುವ ಗಸಿಯಲ್ಲಿ ಅದು ಸುಮಾರು ಮೂರುಪಟ್ಟು ಗಾಢವಾಗುತ್ತದೆ, ಆ ಗಸಿಯೇ ಪಶು ಆಹಾರವಾಗಿ ಮಾರಾಟವಾಗುತ್ತದೆ. ಪರೀಕ್ಷೆಯನ್ನು ಮೊದಲು ಕಡ್ಡಾಯ ಮಾಡಬೇಕಾದದ್ದು ಅಲ್ಲಿ.