ಗಾಯಕರ ಶೋಧ: ಕೆಲವು ವಿಚಾರಗಳು

ಕಾಶಿಯಾತ್ರೆ ಮಾಡಿಬಂದ ಕನ್ನಡಿಗರಿಗೆ ಗೋದೌಲಿಯಾ ಅಪರಿಚಿತವಲ್ಲ. ದಶಾಶ್ವಮೇಧ ಘಾಟಿಗೆ ಹೋಗುವವರು ಸಾಮಾನ್ಯವಾಗಿ ಈ ಚೌಕವನ್ನು ಹಾದುಹೋಗುತ್ತಾರೆ; ವೀರಶೈವರ ಜಂಗಮವಾಡಿ ಮಠವೂ ಇದಕ್ಕೆ ಸಮೀಪದಲ್ಲಿದೆ. ಅನತಿದೂರದ ದಾಲ್‌ಮಂಡಿಯ ಓಣಿ ಒಂದು ಕಾಲಕ್ಕೆ ಗಾಯಕಿಯರ ನೆಲೆಯಾಗಿ, ಠುಮ್ರಿ ಕಜರಿಗಳಿಗೆ ಹೆಸರಾಗಿತ್ತು. ಧ್ವನಿಮುದ್ರಣ ಸಂಸ್ಥೆಗಳು ಹೊಸ ಗಾಯಕರನ್ನು ಹುಡುಕಲು ಕಾಲೇಜು ವಿದ್ಯಾರ್ಥಿಗಳನ್ನು ತರಬೇತಿಯ ಹೆಸರಿನಲ್ಲಿ ನಿಯೋಜಿಸಿಕೊಳ್ಳುವ ಈ ದಿನಗಳಲ್ಲಿ, ಇಂಥ ಶೋಧದ ಪೂರ್ವಚರಿತ್ರೆಯನ್ನು ನೆನೆಯುವುದು ಅಪ್ರಸ್ತುತವಾಗಲಾರದು.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಾಗ ಅವನಿಗೆ ಭಾರತೀಯ ಸಂಗೀತದ ಪರಿಚಯವಿರಲಿಲ್ಲ. ಅಲ್ಲಿ ನೆಲೆಸಿದ್ದ ಆಂಗ್ಲರಿಗೂ ಇರಲಿಲ್ಲವೆಂದು ಅವನೇ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಅವನು ಧ್ವನಿಮುದ್ರಿಸಿಕೊಂಡವರಲ್ಲಿ ಗೌಹರ್ ಜಾನ್ ಪ್ರಮುಖರು. ಅಜಂಗಢದಲ್ಲಿ ಹುಟ್ಟಿ, ಬಾಲ್ಯದ ಕೆಲಕಾಲ ಬನಾರಸಿನಲ್ಲಿದ್ದು, ತಾಯಿಯೊಡನೆ ಕಲ್ಕತ್ತೆ ಸೇರಿದ್ದ ಗಾಯಕಿ ಅವರು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಅವರು ಸುಮಾರು ಮೂರು ನಿಮಿಷಗಳಲ್ಲಿ ಅಡಕಗೊಳಿಸಿ, ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಇದು ಆತ್ಮಪ್ರಶಂಸೆಯಲ್ಲ. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಸಿದ್ಧವಾಗುತ್ತಿದ್ದುದರಿಂದ, ಯಾವ ತಟ್ಟೆ ಯಾರದೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಕಾರ್ಖಾನೆಯ ಅನುಕೂಲಕ್ಕೆ ಹುಟ್ಟಿದ ರೂಢಿಯೊಂದು ಗಾಯಕಿಯ ಹೆಸರನ್ನು ಉಳಿಸಿತು! ಆದರೆ ನೂರಾರು ಮುದ್ರಿಕೆಗಳನ್ನು ಕೊಟ್ಟ ಆಕೆಗೆ ಕೊನೆಗಾಲದಲ್ಲಿ ಆಶ್ರಯವಾದದ್ದು ಮುದ್ರಿಕೆಗಳ ಆದಾಯವಲ್ಲ, ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಔದಾರ್ಯ. 1928ರಲ್ಲಿ ಆಸ್ಥಾನ ಗಾಯಕಿಯಾದ ಅವರು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಇದೇ ಕಾಲದಲ್ಲಿ ಕನ್ನಡ ನಾಡಿನಲ್ಲಿ ಮತ್ತೊಂದು ಬಗೆಯ ಶೋಧ ನಡೆದಿತ್ತು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಊರೂರು ಸಂಚರಿಸುತ್ತ ಅಂಧ, ಅನಾಥ ಬಾಲಕರನ್ನು ಸೇರಿಸಿಕೊಂಡು, ಅನ್ನವಿಕ್ಕಿ, ವರ್ಷಗಟ್ಟಲೆ ಪಾಠ ಹೇಳಿದರು. ಪುಟ್ಟರಾಜ ಗವಾಯಿ, ಬಸವರಾಜ ರಾಜಗುರು ಮೊದಲಾದವರು ಅವರ ಗರಡಿಯಲ್ಲಿ ಬೆಳೆದವರು. ಕಂಪನಿಯಿಂದ ಆಶ್ರಮಧರ್ಮವನ್ನು ನಿರೀಕ್ಷಿಸುವುದು ಸಲ್ಲದು, ವ್ಯಾಪಾರ ವ್ಯಾಪಾರವೇ. ಆದರೂ ಕಂಠವನ್ನು ಕಂಡವನು ಕಂಠದ ಒಡೆಯನಿಗೆ ಏನು ಋಣಿಯೆಂಬ ಪ್ರಶ್ನೆ ಇಬ್ಬರಿಗೂ ಒಂದೇ.

ವಿದ್ಯಾರ್ಥಿಯ ಪರವಾಗಿ ಹೇಳಬೇಕಾದ ಮಾತೂ ಇದೆ. ಗೈಸ್‌ಬರ್ಗನಿಗಿಲ್ಲದ ಅನುಕೂಲ ಅವನಿಗುಂಟು. ಬನಾರಸಿನ ತರುಣನಿಗೆ ಭೋಜಪುರಿ ತಿಳಿಯುತ್ತದೆ, ಬಿರಹಾ ಹಾಡುವವನ ಕಂಠದಲ್ಲಿ ಅಸಲು ಯಾವುದು, ಅನುಕರಣೆ ಯಾವುದು ಎಂಬುದೂ ತಿಳಿದೀತು. 1950ರಲ್ಲಿ ಓಂಕಾರನಾಥ ಠಾಕೂರರ ನೇತೃತ್ವದಲ್ಲಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸಂಗೀತಶಿಕ್ಷಣ ಆರಂಭವಾದ ಊರು ಅದು. ದುರ್ದೈವವೆಂದರೆ, ಅವನಿಂದ ಬಯಸುವುದು ಈ ಕಿವಿಯನ್ನಲ್ಲ. ಮೊಬೈಲಿನಲ್ಲಿ ಯಾರ ಹಾಡನ್ನು ಎಷ್ಟು ಮಂದಿ ನೋಡಿದರೆಂಬ ಲೆಕ್ಕವನ್ನು. ಅದನ್ನು ಯಂತ್ರವೇ ಮಾಡಬಲ್ಲದು. ಹುಡುಕಿಕೊಟ್ಟವನಿಗೆ ಒಂದು ಪ್ರಮಾಣಪತ್ರ ದೊರೆತರೆ ಹಾಡಿದವನಿಗೆ ಏನು ದೊರೆಯಿತೆಂದು ಯಾರೂ ಕೇಳುವುದಿಲ್ಲ.

ಕೇಳಲು ಕಾನೂನಿನ ಆಧಾರವಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿಯು ಪ್ರದರ್ಶಕ ಕಲಾವಿದರ ಹಕ್ಕನ್ನು ಮನ್ನಿಸಿತು. 2012ರ ತಿದ್ದುಪಡಿಯು ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯನ್ನೂ, ತನ್ನ ಹೆಸರನ್ನು ನಮೂದಿಸಬೇಕೆಂದು ಕೇಳುವ ಹಕ್ಕನ್ನೂ ಸೇರಿಸಿತು. ಗೌಹರ್ ಜಾನ್ ತಾವೇ ಕೂಗಿ ಹೇಳಬೇಕಾಗಿದ್ದುದು ಈಗ ಶಾಸನದ ಮಾತು. ಘಾಟಿನ ಮೆಟ್ಟಿಲ ಮೇಲೆ ಹಾಡುವ ಹುಡುಗನಿಗೆ ಇದು ತಿಳಿದಿರುವ ಸಂಭವ ಕಡಿಮೆ; ಅವನನ್ನು ಹುಡುಕಿ ಹೋದ ಪದವೀಧರನಿಗೂ ತಿಳಿಯದಿದ್ದರೆ ಅದು ವಿಶ್ವವಿದ್ಯಾನಿಲಯದ ಲೋಪ. ಜಾನಪದ ಕ್ಷೇತ್ರಕಾರ್ಯಕ್ಕೆ ಟೇಪ್ ರೆಕಾರ್ಡರು ಹೊತ್ತು ಹೋದ ಕನ್ನಡ ವಿಭಾಗಗಳೂ ಹಾಡಿದವಳ ಹೆಸರನ್ನು ಬರೆದುಕೊಂಡದ್ದುಂಟು, ಬಿಟ್ಟದ್ದೂ ಉಂಟು. ಆದುದರಿಂದ ಉಪದೇಶಿಸುವ ಅಧಿಕಾರ ಯಾರಿಗೂ ಪೂರ್ಣವಾಗಿ ಇಲ್ಲ. ಆದರೆ ಇಂಥ ತರಬೇತಿಗೆ ವಿದ್ಯಾರ್ಥಿಗಳನ್ನು ಕಳುಹಿಸುವ ವಿಭಾಗಗಳು ಒಂದು ಷರತ್ತನ್ನಾದರೂ ವಿಧಿಸಬಹುದು: ಗಾಯಕನು ಸಹಿ ಹಾಕುವ ಮೊದಲು ಒಪ್ಪಂದವನ್ನು ಅವನ ಭಾಷೆಯಲ್ಲಿ ಓದಿಹೇಳಿ, ಅದರ ಒಂದು ಪ್ರತಿಯನ್ನು ಅವನ ಕೈಗೆ ಕೊಟ್ಟೇ ವಿದ್ಯಾರ್ಥಿಯು ಹಿಂದಿರುಗತಕ್ಕದ್ದು.