ದೂರದೋಟಕ್ಕೆ ದೊಡ್ಡ ಊರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹುಡುಗರಿಗೆ ಓಡಲು ಕೆರೆಯ ಏರಿ, ನಾಲೆಯ ದಂಡೆಗಳುಂಟು. ಹಾಗಿದ್ದೂ ದೂರದೋಟದಲ್ಲಿ ಮುಂದೆ ಬರಬಯಸುವವರು ಬೆಂಗಳೂರಿಗೇ ಹೋಗಬೇಕೇಕೆ ಎಂದು ಹೆತ್ತವರು ಕೇಳುವುದು ಸಹಜ. ಸುಮಾರು 900 ಮೀಟರ್ ಎತ್ತರದ ಆ ನಗರದ ತಂಪು ಹವೆಯೇ ಕಾರಣವೆಂದು ಕೆಲವರು ಹೇಳುವರು. ನಮ್ಮ ಸೀಮೆಯೂ ಅದೇ ಪ್ರಸ್ಥಭೂಮಿಯದಲ್ಲವೆ? ಹವೆಗಿಂತ ಹಿರಿದು ಅಲ್ಲಿ ದೊರೆಯುವ ಸಂಗ. ಬೆಳಗಿನ ಜಾವ ಕಬ್ಬನ್ ಉದ್ಯಾನದಲ್ಲಿ ಓಡುವವರ ಗುಂಪುಗಳು, ಸನಿಹದಲ್ಲೇ ಕಂಠೀರವ ಕ್ರೀಡಾಂಗಣದ 400 ಮೀಟರಿನ ಸಿಂಥೆಟಿಕ್ ಪಥ, ಬಲ್ಲ ತರಬೇತುದಾರರು, ಏರು ಹತ್ತಲು 60 ಕಿಲೋಮೀಟರ್ ದೂರದ ನಂದಿಬೆಟ್ಟ. 2008ರಲ್ಲಿ ಆರಂಭವಾದ 10 ಕಿಲೋಮೀಟರ್ ಓಟಕ್ಕೆ ಕೀನ್ಯಾ, ಇಥಿಯೋಪಿಯಗಳವರೂ ಬರುವರು. ತನಗಿಂತ ವೇಗಶಾಲಿಯ ಬೆನ್ನನ್ನು ಕಾಣದ ಹುಡುಗನಿಗೆ ತನ್ನ ಅಳತೆ ತಿಳಿಯುವುದೆಂತು? ವಾಹನಗಳ ಹೊಗೆಯ ಕಾಟವಂತೂ ನಿಜವೇ. ಆದುದರಿಂದ ಸಂಚಾರ ಹೆಚ್ಚುವ ಮುನ್ನವೇ ಅಭ್ಯಾಸ ಮುಗಿಯಬೇಕು. ಅಷ್ಟು ದೂರ ಕಳುಹಿಸಲು ಹಿಂಜರಿಯುವ ಮನೆಯವರು ಮೊದಲು ಮೈಸೂರಿನ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿಸಿ ನೋಡಲಿ.